ಸ್ಟುಡಿಯೋಗೆಂದು ಹಾಕಿದ ಹೊಸ ತಂತಿ

ಮೊದಲ ಮಾತುಕತೆಯನ್ನು ಗೊತ್ತುಮಾಡಿದವರು ಅಕ್ಕ. ೨೦೧೫ರ ಮಾರ್ಚಿನಲ್ಲಿ ಸಂದರ್ಶಕಿ ಬಸ್ ಡಿಪೋದ ನಿವೃತ್ತ ನೌಕರರ ಸಂಘಕ್ಕೆ ಹೋಗಿ, ‘ಎರಡನೇ ಪಾಳಿ’ ಎಂಬ ಫಂಕ್ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದವರು ಯಾರಿಗಾದರೂ ಗೊತ್ತೇ ಎಂದು ವಿಚಾರಿಸಿದ್ದರು. ಕೇರಂ ಹಲಗೆಯ ಮೇಲೆ ಬಗ್ಗಿದ್ದ ಹಳೆಯ ಮೆಕ್ಯಾನಿಕ್ಕೊಬ್ಬರು ತಲೆಯೆತ್ತದೆಯೇ ಉತ್ತರ ಕೊಟ್ಟರು.

“ಯಾರು, ನಮ್ಮ ಗುಮ್ಮನಾ? ಇದಾನೆ. ಫೋನು ಮಾತ್ರ ಎತ್ತಲ್ಲ. ಅವರಕ್ಕ ಎತ್ತುತ್ತಾರೆ. ಅವರ ಹತ್ರ ಸ್ವಲ್ಪ ಹುಷಾರು.”

ಅಕ್ಕ ಎತ್ತಿದರು. ಕೇಳಿದ ಮೊದಲ ಪ್ರಶ್ನೆ “ಪೇಪರ್‌ನೋರಾ?” ಎಂಬುದು. ಅಲ್ಲ, ವಿಶ್ವವಿದ್ಯಾಲಯದಿಂದ, ಕೆಲಸಗಾರರ ಬದುಕಿನ ಕಥೆಗಳನ್ನು ಅವರ ಧ್ವನಿಯಲ್ಲೇ ಮುದ್ರಿಸಿ ಇಡುವ ಕೆಲಸ ಎಂದು ಸಂದರ್ಶಕಿ ವಿವರಿಸಿದರು.

“ಮುದ್ರಣದ ಸಹವಾಸವೇ ಬೇಡ ಅಂತಾನೇ ನಾವು ಇಷ್ಟು ವರ್ಷ ತೆಪ್ಪಗಿರೋದು,” ಎಂದರು ಅಕ್ಕ. ಆಮೇಲೆ ಫೋನಿಗೆ ಕೈ ಅಡ್ಡವಿಟ್ಟು ಒಳಗೆ ಯಾರನ್ನೋ ಕೇಳಿದರು. ಹೊಲಿಗೆ ಯಂತ್ರದ ಸದ್ದು ನಿಂತಿತು. ಗಂಡು ದನಿಯೊಂದು ಏನೋ ಹೇಳಿತು. ಅಕ್ಕ ಮತ್ತೆ ಬಂದರು. “ಬರೋದಾದ್ರೆ ಬನ್ನಿ. ಆದ್ರೆ ಅವರ ತಂಡದ ಆ ರೆಕಾರ್ಡು ಈ ಮನೇಲಿ ಕೇಳಿಸಬಾರದು. ಇನ್ನೊಂದು, ಅವನು ಹೊಲೀತಾನೇ ಮಾತಾಡ್ತಾನೆ. ಕೈಕಟ್ಟಿ ಕೂರಿಸಿದ್ರೆ ಅವನ ಬಾಯೂ ಕಟ್ಟುತ್ತೆ.”

ಹೀಗೆ ಆರಂಭವಾದ ಮಾತುಕತೆ ಒಂದೂವರೆ ವರ್ಷ ನಡೆಯಿತು. ಮೊದಲ ದಿನವೇ ಗುಮ್ಮ ತನಗೆ ಬೇಕಾದುದನ್ನು ಹೇಳಿಬಿಟ್ಟ. ಅವನಿಗಾಗ ಅರವತ್ತನಾಲ್ಕು. ಸೋಫಾದ ಮೆತ್ತೆಯೊಂದನ್ನು ಮೊಣಕಾಲಿನ ನಡುವೆ ಇರುಕಿಕೊಂಡು, ಬಾಗಿದ ಸೂಜಿಯಿಂದ ಅಂಚು ಕೂಡಿಸುತ್ತ, ಯಾರ ಮುಖವನ್ನೂ ನೋಡದೆ ಅವನೆಂದ:

“ಕೊನೇಲಿ ಒಂದು ಸಾಲು ಬರೀಬೇಕು ನೀವು. ಆ ರೆಕಾರ್ಡಲ್ಲಿ ಬಾಸ್ ನುಡಿಸಿದ್ದು ನಾನೇ ಅಂತ. ಬೇರೆ ಏನು ಬರೆದ್ರೂ ಸರಿ, ಬಿಟ್ರೂ ಸರಿ.”

ಒಬ್ಬರ ಮಾತನ್ನು ಇನ್ನೊಂದು ಕಡೆಯಿಂದ ಒರೆಹಚ್ಚಿ ನೋಡದೆ ನಿಜವೆಂದು ದಾಖಲಿಸುವಂತಿಲ್ಲ, ಇನ್ನೊಬ್ಬರು ಹೌದೆಂದರೆ ಖಂಡಿತ ಬರೆಯುವುದಾಗಿ ಸಂದರ್ಶಕಿ ಹೇಳಿದಾಗ ಅವನು ಮೊದಲ ಸಲ ತಲೆಯೆತ್ತಿ ನಕ್ಕ.

“ಅದಕ್ಕೇನು ಬರ. ಆರು ಜನ ಇದ್ವಲ್ಲ.”

ಗುಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಹತ್ತೊಂಬತ್ತನೆಯ ವಯಸ್ಸಿಗೆ ಅವನು ಡಿಪೋದ ಸೀಟು ವಿಭಾಗಕ್ಕೆ ಸೇರಿದ. ಅದೇ ವರ್ಷ, ಊರು ಬಿಟ್ಟು ಹೋಗುತ್ತಿದ್ದ ವಾದ್ಯಗಾರನೊಬ್ಬನಿಂದ ಬಾಸ್ ಗಿಟಾರೊಂದನ್ನು ಕೊಂಡ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರೆ, ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಾಕೆ ತನ್ನ ಮಕ್ಕಳಿಗೆ “ಸುಮ್ಮನೆ ಉಣ್ತೀರೋ ಇಲ್ವೋ, ಗೋಡೆ ಒಳಗೆ ಗುಮ್ಮ ಗುಂಯ್ ಅಂತಿದೆ ನೋಡಿ” ಎಂದು ಹೆದರಿಸುತ್ತಿದ್ದಳು. ಮಕ್ಕಳು ಉಂಡರು, ಹೆಸರು ಉಳಿಯಿತು. ಹೆಸರಿಗೂ ಆಳಿಗೂ ತಾಳಮೇಳವೇ ಇರಲಿಲ್ಲ. ಗುಮ್ಮ ಸಣಕಲು, ಬಾಗಿಲಲ್ಲಿ ಎದುರಾದವರಿಗೆಲ್ಲ ಸರಿದು ದಾರಿ ಬಿಡುವವನು.

ಸೀಟು ವಿಭಾಗವೆಂದರೆ ತಗಡಿನ ಚಾವಣಿಯ ಉದ್ದನೆಯ ಕೋಣೆ. ಪ್ರಯಾಣಿಕರು ಬ್ಲೇಡು ಹಾಕಿದ, ಕೂತೂ ಕೂತೂ ಸವೆಸಿದ, ಸಿಗರೇಟಿನಿಂದ ಸುಟ್ಟ ಸೀಟುಗಳು ಅಲ್ಲಿಗೆ ಬರುತ್ತಿದ್ದವು. ಹಳೆಯ ರೆಕ್ಸಿನ್ ಸುಲಿದು, ಸ್ಪಂಜು ಬದಲಿಸಿ, ಹೊಸ ಹೊದಿಕೆ ಎಳೆದು ಹೊಲಿಯಬೇಕು. ಎಳೆಯುವುದೇ ಅಲ್ಲಿನ ಕೈಚಳಕ: ಹೆಚ್ಚು ಎಳೆದರೆ ಮೂಲೆ ಸೀಳುತ್ತದೆ, ಕಮ್ಮಿಯಾದರೆ ಸುಕ್ಕು ಬೀಳುತ್ತದೆ. ಸಂಜೆ ಅದೇ ಕೈ ತೊಳೆಯದೆ ಬಾಸ್ ಹಿಡಿಯುತ್ತಿತ್ತು. ದಾರಕ್ಕೆ ಸವರುವ ಮೇಣ, ರೆಕ್ಸಿನ್ನಿನ ಪುಡಿ, ಬೆವರು ಎಲ್ಲವೂ ಸೇರಿ ಅದರ ನಾಲ್ಕು ತಂತಿಗಳು ವರ್ಷದಿಂದ ವರ್ಷಕ್ಕೆ ಕಪ್ಪಗಾಗಿ, ಮಂಕಾಗಿ, ಮೀಟಿದರೆ ಸ್ವರಕ್ಕಿಂತ ಮೊದಲು ಗುದ್ದು ಕೇಳಿಸುವಂತಾದವು. ಒಂಬತ್ತು ವರ್ಷ ಅವನು ತಂತಿ ಬದಲಿಸಲಿಲ್ಲ. ಬದಲಿಸಬೇಕೆಂಬ ಯೋಚನೆಯೂ ಹೊಳೆದಿರಲಿಲ್ಲ.

ತಂಡ ಕಟ್ಟಿದವರು ಭಾವ, ಅಕ್ಕನ ಗಂಡ. ಅದೇ ಡಿಪೋದಲ್ಲಿ ಡ್ರೈವರು. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೇರಿಂಗಿನ ಮೇಲೆ ಬೆರಳಲ್ಲೇ ತಾಳ ಹಾಕಿ, ಹಿಂದಿನ ಗಾಡಿಗಳಿಂದ ಹಾರ್ನು ಹೊಡೆಸಿಕೊಳ್ಳುತ್ತಿದ್ದ ಮನುಷ್ಯ. ಡ್ರಮ್ಸಿನಲ್ಲಿ ಎತ್ತಿದ ಕೈ. ಅವರ ಬಸ್ಸಿನ ಕಂಡಕ್ಟರು ಗಿಟಾರಿಗೆ, ಬೋರ್ಡು ಬರೆಯುವ ಅಣ್ಣತಮ್ಮಂದಿರಿಬ್ಬರು ಟ್ರಂಪೆಟ್ ಮತ್ತು ಸ್ಯಾಕ್ಸೊಫೋನಿಗೆ, ಕಚೇರಿಯೊಂದರ ಟೈಪಿಸ್ಟು ಹಾಡಿಗೆ. ಫಂಕ್ ಎಂಬ ಸಂಗೀತದಲ್ಲಿ ಹಾಡಿಗಿಂತ ನಡೆ ದೊಡ್ಡದು. ಡ್ರಮ್ಸು ಮತ್ತು ಬಾಸು ನೆಲ, ಮಿಕ್ಕವರೆಲ್ಲ ಅದರ ಮೇಲೆ ಓಡಾಡುವವರು. ಹೊಸಬರಿಗೆ ಭಾವ ಇದನ್ನು ತಮ್ಮದೇ ಬಗೆಯಲ್ಲಿ ಕಲಿಸುತ್ತಿದ್ದರು:

“ಒಂದು ಅಂದಾಗ ಎಲ್ರೂ ಮನೆಗೆ ಬಂದುಬಿಡಬೇಕು. ಎರಡು, ಮೂರು, ನಾಲ್ಕು, ಎಲ್ಲಿ ಬೇಕಾದ್ರೂ ಅಲೀರಿ, ನಾನು ಕೇಳಲ್ಲ. ಒಂದಕ್ಕೆ ಹಾಜರಿ. ಗುಮ್ಮ ಮಾತ್ರ ಮನೆಬಿಟ್ಟು ಹೋಗಲೇಬಾರದು, ಬೀಗದ ಕೈ ಅವನ ಹತ್ರ ಇರುತ್ತೆ.”

ಏಳು ವರ್ಷ ಅವರು ಕಾರ್ಮಿಕ ಭವನಗಳಲ್ಲಿ, ಕಾಲೇಜು ಸಭಾಂಗಣಗಳಲ್ಲಿ ನುಡಿಸಿದರು. ೧೯೭೮ರಲ್ಲಿ ವಾರಪತ್ರಿಕೆಯೊಂದರ ಸಂಗೀತ ವಿಮರ್ಶಕ ಸಭಾಂಗಣದ ಹಿಂದಿನ ಸಾಲಿನಲ್ಲಿ ನಿಂತು ಕೇಳಿ, “ಈ ತಂಡದ ಬಾಸ್ ಕಿವಿಗೆ ಕೇಳಿಸುವುದಿಲ್ಲ, ಪಕ್ಕೆಲುಬಿಗೆ ತಾಗುತ್ತದೆ” ಎಂದು ಬರೆದ. ಆ ಒಂದು ವಾಕ್ಯದ ದೆಸೆಯಿಂದ ರೆಕಾರ್ಡ್ ಕಂಪನಿಯ ಕರೆ ಬಂತು. ಸ್ಟುಡಿಯೋದಲ್ಲಿ ಮೂರು ದಿನ, ಒಂದು ಪೂರ್ಣ ಆಲ್ಬಮ್. ಹೆಸರನ್ನು ಕಂಡಕ್ಟರೇ ಸೂಚಿಸಿದ: ‘ನಿಲ್ಲಲು ಜಾಗವಿದೆ’.

ಎಡವಟ್ಟು ನಡೆದದ್ದು ಸ್ಟುಡಿಯೋಗೆ ಹೋಗುವ ಮೊದಲೇ. ಅದನ್ನು ಯಾರೂ ಎಡವಟ್ಟೆಂದು ತಿಳಿದಿರಲಿಲ್ಲ, ಮರ್ಯಾದೆ ಎಂದು ತಿಳಿದಿದ್ದರು. ದೊಡ್ಡವರ ಮನೆಗೆ ಹೋಗುವಾಗ ಮಾಸಿದ ಬಟ್ಟೆ ಹಾಕಿಕೊಂಡು ಹೋಗುವುದುಂಟೇ? ಭಾವ ತಮ್ಮ ಡ್ರಮ್ಮಿನ ಹೊಟ್ಟೆಯೊಳಗೆ ವರ್ಷಗಳಿಂದ ತುರುಕಿದ್ದ ಹಳೆಯ ಟವೆಲನ್ನು ಕಿತ್ತೊಗೆದು, ತೇಪೆ ಹಾಕಿದ್ದ ಚರ್ಮ ಬಿಚ್ಚಿ ಹೊಸದನ್ನು ಬಿಗಿದರು. ಅಣ್ಣತಮ್ಮಂದಿರು ಟ್ರಂಪೆಟ್ಟಿನ ತಗ್ಗುಗಳನ್ನು ತಟ್ಟಿಸಿ ಎತ್ತಿಸಿ, ಕನ್ನಡಿಯಂತೆ ಹೊಳಪು ಕೊಡಿಸಿದರು. ಅಕ್ಕ ಪೇಟೆಗೆ ಹೋಗಿ ತಮ್ಮನಿಗೆಂದು ಹೊಸ ತಂತಿ ತಂದರು.

“ಇವೇ ಚೆನ್ನಾಗಿವೆ ಅಕ್ಕಾ.”

“ಏನು ಚೆನ್ನ? ಮುಟ್ಟಿದ್ರೆ ಕೈ ತೊಳ್ಕೋಬೇಕು, ಹಾಗಿವೆ. ಊರಿಗೆಲ್ಲ ಹೊಸ ಸೀಟು ಹೊಲೀತೀಯ, ನಿನ್ನ ವಾದ್ಯಕ್ಕೆ ಒಂದು ಹೊಸ ತಂತಿ ಬೇಡ್ವೇನೋ?”

ಅಕ್ಕ ತಂದದ್ದನ್ನು ಬೇಡವೆನ್ನುವ ಅಭ್ಯಾಸ ಅವನಿಗಿರಲಿಲ್ಲ. ಅಮ್ಮ ಹೋದ ಮೇಲೆ ಅವನ ತಲೆ ಬಾಚಿದ್ದೂ ಅಕ್ಕನೇ, ಅವನನ್ನು ಡಿಪೋಗೆ ಸೇರಿಸುವಂತೆ ಗಂಡನ ದುಂಬಾಲು ಬಿದ್ದದ್ದೂ ಅಕ್ಕನೇ. ಹೊರಡುವ ಹಿಂದಿನ ದಿನ ಅವನು ತಂತಿ ಬದಲಿಸಿದ. ಬಿಚ್ಚಿದವುಗಳಲ್ಲಿ ಮೂರು ಕಸಕ್ಕೆ ಹೋದವು; ಎಲ್ಲಕ್ಕಿಂತ ದಪ್ಪನೆಯದರಿಂದ ಅಕ್ಕ ಹಿಂದಿನ ಕೋಣೆಯ ಕಿಟಕಿ ಬಡಿಯದಂತೆ ಅದನ್ನು ಸರಳಿಗೆ ಬಿಗಿದು ಕಟ್ಟಿದರು.

ಸ್ಟುಡಿಯೋದ ಗೋಡೆಗೆ ಮೆತ್ತೆ ಹೊದಿಸಿದ್ದರು. ಗುಮ್ಮ ಮೊದಲು ನೋಡಿದ್ದು ಅದರ ಹೊಲಿಗೆಯನ್ನು, ಮೂಲೆಯಲ್ಲಿ ಸುಕ್ಕಿತ್ತು. ಗಾಜಿನ ಆಚೆ, ತಣ್ಣನೆಯ ಕೋಣೆಯಲ್ಲಿ, ಧ್ವನಿಮುದ್ರಕರು ಸ್ವೆಟರು ತೊಟ್ಟು ಕೂತಿದ್ದರು. ಕೆಂಪು ದೀಪ ಹತ್ತಿತು. ಭಾವ ಒಂದು, ಎರಡು ಎಂದು ಎಣಿಸಿ ಡ್ರಮ್ಮಿಗೆ ಬಡಿದರು, ಗುಮ್ಮ ಮೀಟಿದ. ಗುಂಯ್ ಎನ್ನಬೇಕಾದದ್ದು ಕಿಣ್ ಎಂದಿತು.

ಎಲ್ಲರೂ ನಿಂತರು.

“ಏನೋ ಅದು?” ಎಂದರು ಭಾವ. “ಚಮಚ ಬಿದ್ದಂಗಾಯ್ತು?”

“ತಂತಿ ಭಾವ. ಹೊಸದು.”

“ಬೈಯೋದಾದ್ರೆ ನಿಮ್ಮಕ್ಕನಿಗೇ ಬೈಬೇಕು. ಆ ಧೈರ್ಯ ನನಗಿಲ್ಲಪ್ಪ.”

ಗಾಜಿನ ಆಚೆಯಿಂದ ಸ್ವೆಟರಿನವರು, ತುಂಬ ಸ್ಪಷ್ಟವಾಗಿ ಬರುತ್ತಿದೆ, ಮುಂದುವರಿಸಿ ಎಂದರು. ಇದು ಅವರ ಜಾಗ, ಅವರಿಗೆ ಗೊತ್ತಿರುತ್ತದೆ ಎಂದುಕೊಂಡು ಅಲ್ಲಿದ್ದ ಐದು ಜನವೂ ಬಾಯಿ ಮುಚ್ಚಿಕೊಂಡರು. ಆದರೆ ಗುಮ್ಮನಿಗೆ ಬೆರಳು ನಿಲ್ಲುತ್ತಿರಲಿಲ್ಲ. ಹಳೆಯ ತಂತಿ ಒಂದು ಮಾತಾಡಿ ಸುಮ್ಮನಾಗುತ್ತಿತ್ತು. ಹೊಸದು ಮೀಟಿದ ಮೇಲೂ ಗಂಟೆಯಂತೆ ಗುನುಗುತ್ತಲೇ ಇರುತ್ತಿತ್ತು. ಅದರ ಬಾಯಿ ಮುಚ್ಚಿಸಲು ಅವನು ಎಡಗೈಯನ್ನು ಪ್ರತಿ ಸ್ವರದ ಬೆನ್ನಿಗೇ ಅಡ್ಡ ಹಾಕತೊಡಗಿದ. ಗುದ್ದು ಸಾಲದಾದಾಗ ಬಲಗೈ ಹೆಬ್ಬೆರಳಿನ ಪಕ್ಕದಿಂದ ತಂತಿಗೆ ಬಡಿದ. ಮೀಟುವುದು ಹೋಗಿ ಬಡಿಯುವುದು, ಹಿಡಿಯುವುದು, ಬಡಿಯುವುದು, ಬಿಡುವುದು ಎಂದಾಯಿತು. ಮೂರು ದಿನವೂ ಅವನು ನುಡಿಸಲಿಲ್ಲ, ಜಗಳವಾಡಿದ. ಸ್ವರಗಳು ಮುಳ್ಳಿನಂತೆ ಎದ್ದೆದ್ದು ಬಂದವು. ಮನೆಗೆ ಬರುವಾಗ ಹೆಬ್ಬೆರಳು ಒಡೆದಿತ್ತು. ಹೊಸ ತಂತಿಗಳೂ ಮೇಣ, ಬೆವರು ಕುಡಿದು ಕೆಲವೇ ತಿಂಗಳಲ್ಲಿ ಮಂಕಾದವು. ಆ ಬಗೆಯಲ್ಲಿ ಅವನು ಮತ್ತೆಂದೂ ನುಡಿಸಲಿಲ್ಲ.

೧೯೭೯ರ ಜೂನಿನಲ್ಲಿ ರೆಕಾರ್ಡು ಹೊರಬಂತು. ಹೊದಿಕೆಯ ಮೇಲೆ ಬಸ್ಸಿನ ಮೆಟ್ಟಿಲಿನಲ್ಲಿ ಆರೂ ಜನ ನಿಂತ ಚಿತ್ರವಿತ್ತು, ಯಾರ ಹೆಸರೂ ಇರಲಿಲ್ಲ. ಯಾರ ಹೆಸರು ಮೊದಲು ಬರಬೇಕೆಂದು ಭಾವನಿಗೂ ಟೈಪಿಸ್ಟಿಗೂ ಹತ್ತಿದ ಜಗಳ ಬಗೆಹರಿಯದೆ ಕಂಪನಿಯವರು ಹೆಸರುಗಳನ್ನೇ ಕೈಬಿಟ್ಟಿದ್ದರು. ಅದು ಅಂದು ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

ದಿನಪತ್ರಿಕೆಯೊಂದು ಎರಡು ಸಾಲಿನಲ್ಲಿ ಕೈತೊಳೆದುಕೊಂಡಿತು: “ತೊಳೆದು ಇಸ್ತ್ರಿ ಮಾಡಿದ ಸಂಗೀತ. ಬೆವರು ಎಲ್ಲಿ?” ಎಲ್ಲರೂ ಕಾದದ್ದು ವಾರಪತ್ರಿಕೆಗಾಗಿ. ಅದು ಬಂದ ದಿನ ಭಾವ ಊಟದ ಮೇಜಿನ ಮೇಲೆ ಹರವಿ, ಗಟ್ಟಿಯಾಗಿ ಓದಲು ಹೊರಟು, ಅರ್ಧದಲ್ಲಿ ದನಿ ತಗ್ಗಿಸಿದರು. ಪಕ್ಕೆಲುಬಿನ ಮಾತು ಬರೆದಿದ್ದ ಅದೇ ವಿಮರ್ಶಕ ಹೀಗೆ ಬರೆದಿದ್ದ: “ಸಭಾಂಗಣದಲ್ಲಿ ನಾನು ಕೇಳಿದ ಮನುಷ್ಯ ಇಲ್ಲಿಲ್ಲ. ಬಾಸ್ ನುಡಿಸಿರುವವನು ಯಾರೋ ಬಾಡಿಗೆಯ ಜಾಣ. ಬೆರಳು ಚುರುಕು, ಎದೆ ಖಾಲಿ. ತಮ್ಮ ತಂಡದ ಹೃದಯವನ್ನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡವರ ರೆಕಾರ್ಡನ್ನು ನಾವೇಕೆ ಕೇಳಬೇಕು?”

“ಬಾಡಿಗೆಯವನಂತೆ,” ಎಂದರು ಅಕ್ಕ. “ಹೋಗಿ ಅವನಿಗೆ ನಾಲ್ಕು ಬಿಟ್ಟು ಬನ್ನಿ.”

ಭಾವ ಪತ್ರಿಕೆಯನ್ನು ಮತ್ತೆ ಮೊದಲಿಂದ ಓದಿದರು. ಆಮೇಲೆ ಅವರ ಮುಖದಲ್ಲಿ, ಟ್ರಾಫಿಕ್ಕಿನಲ್ಲಿ ಸಂದಿ ಕಂಡ ಡ್ರೈವರಿನ ಕಳೆ ಬಂತು.

“ನಿಧಾನ. ಇವನು ಬೈದಿದ್ದು ರೆಕಾರ್ಡನ್ನ. ಗುಮ್ಮನ್ನಲ್ಲ. ಗುಮ್ಮನ್ನ ತಲೆ ಮೇಲೆ ಹೊತ್ತಿದಾನೆ, ನೋಡು. ಈಗ ನಾವು ‘ಇಲ್ಲ ಸ್ವಾಮಿ, ನುಡಿಸಿದ್ದು ಇವನೇ’ ಅಂದ್ರೆ ಏನಾಗುತ್ತೆ? ರೆಕಾರ್ಡೂ ಹೋಯ್ತು, ಗುಮ್ಮನೂ ಹೋದ. ‘ಹೌದು, ಬೇರೆಯವನು’ ಅಂದ್ರೆ ರೆಕಾರ್ಡು ಮಾತ್ರ ಹೋಗುತ್ತೆ. ನಿಜವಾದ ಗುಮ್ಮನ್ನ ಕೇಳಬೇಕಾ, ಸಭಾಂಗಣಕ್ಕೆ ಬನ್ನಿ ಅನ್ನಬಹುದು.”

“ಸುಳ್ಳು ಹೇಳೋದಾ?”

“ಒಂದು ಸೀಸನ್ನಿಗೆ ಕಣೆ. ಆಮೇಲೆ ಎರಡನೇ ರೆಕಾರ್ಡು ಮಾಡಿದಾಗ ಎಲ್ಲ ಸರಿಮಾಡೋಣ. ಏನಂತೀಯೋ ಗುಮ್ಮ?”

ಗುಮ್ಮನಿಗೆ ಆ ರೆಕಾರ್ಡಿನ ಮೇಲೆ ಪ್ರೀತಿ ಇರಲಿಲ್ಲ. ಅದು ತನ್ನದಲ್ಲವೆಂದು ಯಾರಾದರೂ ಹೇಳಿದರೆ ಹೊಟ್ಟೆ ತಣ್ಣಗಾಗುವಂತೆಯೂ ಇತ್ತು. “ನೀವು ಹೇಳಿದ ಹಾಗೆ ಭಾವ,” ಎಂದ.

ವಿಮರ್ಶಕ ಡಿಪೋಗೇ ಬಂದ. ಸೀಟು ವಿಭಾಗದಲ್ಲಿ, ಹರಿದ ಸೀಟುಗಳ ರಾಶಿಯ ಮೇಲೆ ಕೂತು, ಬೇರೆಯವರನ್ನು ಕರೆಸಿದ್ದು ನಿಜವೇ ಎಂದು ಕೇಳಿದ. ಸ್ಟುಡಿಯೋದವರ ಒತ್ತಾಯ, ನಾವು ಬಡಪಾಯಿಗಳು, ಏನು ಮಾಡುವುದು ಎಂದರು ಭಾವ. ವಿಮರ್ಶಕ ಗುಮ್ಮನ ಕಡೆ ತಿರುಗಿದ.

“ಆ ಮೂರು ದಿನ ನೀವೆಲ್ಲಿದ್ರಿ?”

ಯಂತ್ರದ ಪೆಡಲಿನ ಮೇಲಿಂದ ಕಾಲು ತೆಗೆಯದೆ ಗುಮ್ಮ, “ಕೆಲಸ ಇತ್ತು,” ಎಂದ.

ಮುಂದಿನ ಸಂಚಿಕೆಯಲ್ಲಿ ಸಂದರ್ಶನದ ಶೀರ್ಷಿಕೆಯೇ ಅದಾಯಿತು: ‘ಕೆಲಸ ಇತ್ತು.’ ಜೊತೆಗೆ ಹೊಲಿಗೆ ಯಂತ್ರದ ಮುಂದೆ ಅವನ ಚಿತ್ರ.

ಭಾವನ ಲೆಕ್ಕಾಚಾರ ಒಂದು ಸೀಸನ್ನಿನ ಮಟ್ಟಿಗೆ ಫಲಿಸಿತು. ಅನ್ಯಾಯಕ್ಕೊಳಗಾದ ಬಾಸಿನವನನ್ನು ನೋಡಲು ಜನ ಬಂದರು, ಸಭಾಂಗಣ ತುಂಬಿತು, ಕೂಗಿ ಕರೆದು ಚಪ್ಪಾಳೆ ತಟ್ಟಿದರು. ಆಮೇಲೆ ಜನರ ರುಚಿ ಬೇರೆ ಕಡೆ ಹೊರಳಿತು. ಎರಡನೇ ರೆಕಾರ್ಡು ಆಗಲೇ ಇಲ್ಲ. ಟೈಪಿಸ್ಟು ವರ್ಗವಾಗಿ ಹೋದಳು, ಅಣ್ಣತಮ್ಮಂದಿರು ಮಾತು ಬಿಟ್ಟರು, ಕಂಡಕ್ಟರು ಗಿಟಾರು ಮಾರಿದ. ೧೯೮೩ರ ಹೊತ್ತಿಗೆ ‘ಎರಡನೇ ಪಾಳಿ’ ಎಂದರೆ ಡಿಪೋದಲ್ಲಿ ಬರೀ ಎರಡನೇ ಪಾಳಿಯೇ ಆಗಿತ್ತು. ೧೯೯೩ರಲ್ಲಿ ಭಾವ ಎದೆನೋವಿನಿಂದ ತೀರಿಕೊಂಡರು. ಆಸ್ಪತ್ರೆಯಲ್ಲಿ, ಮಂಚದ ಕಬ್ಬಿಣದ ಮೇಲೆ ಬೆರಳು ಆಡಿಸುತ್ತ, “ಆ ವಿಷಯ ಒಂದು ಉಳಿದುಹೋಯ್ತು ಕಣೋ ಗುಮ್ಮ,” ಎಂದಿದ್ದರು. “ಇರಲಿ ಬಿಡಿ ಭಾವ, ಯಾರು ಕೇಳ್ತಾರೆ ಈಗ,” ಎಂದಿದ್ದ ಗುಮ್ಮ. ಯಾರೂ ಕೇಳುತ್ತಿರಲಿಲ್ಲ, ಅದು ನಿಜ.

೧೯೯೮ರಲ್ಲಿ ದೊಡ್ಡ ಯಂತ್ರದ ಸೂಜಿ ಅವನ ಬಲ ಹೆಬ್ಬೆರಳನ್ನು ಹೊಕ್ಕು ಹೊರಬಂತು. ಗಾಯ ಮಾಯಿತು, ಸ್ಪರ್ಶ ಬರಲಿಲ್ಲ. ಹೊಲಿಯಲು ಅಡ್ಡಿಯಾಗಲಿಲ್ಲ. ಬಾಸನ್ನು ಅವನು ಹಳೆಯ ರೆಕ್ಸಿನ್ನಿನಲ್ಲಿ ಹೊಲಿದ ಚೀಲದೊಳಗಿಟ್ಟು ಬೀರುವಿನ ಹಿಂದೆ ನಿಲ್ಲಿಸಿದ.

ನಿವೃತ್ತನಾಗಿ ಮೂರು ವರ್ಷವಾಗಿತ್ತು. ಮೆತ್ತೆಯ ಬಟ್ಟೆ ತರಲು ಪೇಟೆಗೆ ಹೊರಟವನು ಬಸ್ಸಿನಲ್ಲಿ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂತಿದ್ದ. ಅವಳ ಕಿವಿಗೆ ಸಿಕ್ಕಿಸಿದ್ದ ತಂತಿಯಿಂದ ಸೋರಿದ ಸದ್ದು ಸಣ್ಣದೇ, ಆದರೆ ಕಿಣ್ ಎಂದದ್ದು ಅವನಿಗೆ ಕೇಳಿಸಿತು. ಬಡಿತ, ಹಿಡಿತ, ಬಡಿತ, ಬಿಡುಗಡೆ. ಮೂವತ್ತೈದು ವರ್ಷದ ಹಿಂದಿನ ಜಗಳ. ಹುಡುಗಿಯ ಮಂಡಿ ಅದಕ್ಕೆ ಸರಿಯಾಗಿ ಕುಣಿಯುತ್ತಿತ್ತು, ಒಂದು ಎಂದಾಗ ಪ್ರತಿ ಸಲವೂ ಮನೆಗೆ ಬಂದು ಮುಟ್ಟುತ್ತಿತ್ತು.

“ಅದು ನಾನು,” ಎಂದ ಗುಮ್ಮ.

ಅವಳು ಒಂದು ಕಿವಿಯಿಂದ ತಂತಿ ತೆಗೆದಳು. “ಏನಂದ್ರಿ ಅಂಕಲ್?”

“ಏನಿಲ್ಲಮ್ಮ. ಮುಂದಿನ ಸ್ಟಾಪು ಯಾವುದು ಅಂದೆ.”

ವಿಚಾರಿಸಿದಾಗ ತಿಳಿಯಿತು: ‘ನಿಲ್ಲಲು ಜಾಗವಿದೆ’ ಯಾರದೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿ, ಅಂತರಜಾಲಕ್ಕೆ ಏರಿ, ಎಳೆಯರ ಬಾಯಲ್ಲಿ ಓಡಾಡುತ್ತಿತ್ತು. ಹೊಸ ವಿಮರ್ಶಕರು ಉದ್ದುದ್ದ ಬರೆದಿದ್ದರು. ಅಂದು ಬೈಗುಳ ತಿಂದ ಬಾಸೇ ಇಂದು ಹೊಗಳಿಕೆಗೆ ಪಾತ್ರವಾಗಿತ್ತು. “ತಂಡದ ಉಳಿದೆಲ್ಲರೂ ೧೯೭೯ರಲ್ಲಿದ್ದಾರೆ, ಈ ಒಬ್ಬ ಅಪರಿಚಿತ ಮಾತ್ರ ಮುಂದಿನ ಶತಮಾನದಲ್ಲಿ ಕೂತು ನುಡಿಸುತ್ತಿದ್ದಾನೆ,” ಎಂದು ಒಬ್ಬ. ಇನ್ನೊಬ್ಬಳು ಆ ‘ಬಾಡಿಗೆಯ ಜಾಣ’ ಯಾರಿರಬಹುದೆಂದು ಮೂರು ಕಂತು ಬರೆದು, ನಡುವೆ, ತಂಡದ ಖಾಯಂ ಬಾಸಿನವನಿಗೆ ಪಾಪ ಆ ದಿನ ಕೆಲಸ ಇತ್ತು ಎಂದು ತಮಾಷೆ ಮಾಡಿದ್ದಳು. ಸಂದರ್ಶಕಿ ಬಂದದ್ದು ಇದಾದ ಮೇಲೆ. ಅದೇ ವರ್ಷ ರೆಕಾರ್ಡನ್ನು ಮತ್ತೆ ಹೊರತರಲು ಹೊರಟ ಹೊಸ ಕಂಪನಿಯವರೂ ಬಾಸ್ ತನ್ನದೇ ಎಂದು ಗುಮ್ಮ ಬರೆದ ಪತ್ರಕ್ಕೆ ವಿನಯದಿಂದಲೇ ಉತ್ತರಿಸಿದರು: ‘ಕೆಲಸ ಇತ್ತು’ ಎಂಬ ತಮ್ಮದೇ ಮಾತು ಅಚ್ಚಾಗಿದೆಯಲ್ಲ, ಅದಕ್ಕೆ ವಿರುದ್ಧವಾದ ಆಧಾರವೇನಾದರೂ ಇದ್ದರೆ ದಯವಿಟ್ಟು ಕಳುಹಿಸಿ.

ಆಧಾರ ಹುಡುಕುವ ಕೆಲಸ ಕ್ರಮವಾಗಿ ನಡೆಯಿತು. ಕಂಡಕ್ಟರು ತೀರಿಕೊಂಡಿದ್ದ. ಟೈಪಿಸ್ಟು ಫೋನಿನಲ್ಲಿ ನೆನಪಿಸಿಕೊಂಡು ನೆನಪಿಸಿಕೊಂಡು ನಕ್ಕಳು. ಆದರೆ ತನ್ನ ಹಾಡನ್ನು ಒಂದು ವಾರದ ಬಳಿಕ ಬೇರೆಯಾಗಿ ಮುದ್ರಿಸಿದ್ದರು, ಮುಂಚೆ ಯಾರು ಬಂದಿದ್ದರೋ ತಿಳಿಯದು ಎಂದಳು. ಸ್ಟುಡಿಯೋದ ಆ ಸ್ವೆಟರಿನವರಿಗೆ ಎಂಬತ್ತೆರಡು. ಮಗಳ ಮನೆಯಲ್ಲಿ, ಸೆಖೆಯಲ್ಲೂ ಸ್ವೆಟರಿನಲ್ಲೇ, ಬಹಳ ಪ್ರೀತಿಯಿಂದ ಮಾತಾಡಿದರು.

“ಬಾಸು ಚೆನ್ನಾಗಿ ಬಂದಿತ್ತು, ನೆನಪಿದೆ. ಸ್ಪಷ್ಟ. ಯಾರು ಅಂದ್ರೆ ಹೇಳಲಾರೆ ತಾಯಿ. ಗಾಜಿನ ಆಚೆ ಕೂತೋರ ಮುಖ ನಾನು ನೋಡ್ತಿರಲಿಲ್ಲ. ಮೀಟರಿನ ಮುಳ್ಳು ನೋಡ್ತಿದ್ದೆ.”

ಅಣ್ಣತಮ್ಮಂದಿರಲ್ಲಿ ಉಳಿದವನು ಟ್ರಂಪೆಟ್ಟಿನ ತಮ್ಮ. ಗುಮ್ಮ ಅವನ ಮೇಲೆ ಭರವಸೆ ಇಟ್ಟಿದ್ದ, ಮೂರು ದಿನವೂ ಪಕ್ಕದಲ್ಲೇ ನಿಂತಿದ್ದವನು. ಆದರೆ ಅವನು ಹೇಳಿದ್ದು ಬೇರೆ:

“ಒಬ್ಬ ಬಂದಿದ್ದ. ಉದ್ದ ಕೂದಲು, ಯಾರ ಹತ್ರಾನೂ ಮಾತಿಲ್ಲ ಕತೆಯಿಲ್ಲ. ಬೆರಳಿಗೆ ಉಂಗುರ. ನಮ್ಮ ಗುಮ್ಮ ಪಾಪ ಆವತ್ತು ಡಿಪೋದಲ್ಲಿದ್ದ. ಪೇಪರಲ್ಲೂ ಬಂದಿತ್ತಲ್ಲ.”

ಅವನು ಸುಳ್ಳಾಡುತ್ತಿರಲಿಲ್ಲ. ಅಚ್ಚಾದ ಮಾತು ಮೂವತ್ತಾರು ವರ್ಷದಲ್ಲಿ ಅವನೊಳಗೆ ಬೇರುಬಿಟ್ಟು, ಕೂದಲು ಬೆಳೆಸಿ, ಉಂಗುರ ತೊಟ್ಟುಕೊಂಡಿತ್ತು. ಇದನ್ನು ತಿಳಿಸಿದಾಗ ಗುಮ್ಮ ಹೊಲಿಗೆ ನಿಲ್ಲಿಸಿ, “ಉಂಗುರ ಹಾಕ್ಕೊಂಡು ಬಾಸ್ ನುಡಿಸ್ತಾರಾ ಯಾರಾದ್ರೂ?” ಎಂದ. ಮತ್ತೆ ಹೊಲಿಯತೊಡಗಿದ.

ಉಳಿದವರು ಅಕ್ಕ. ಅಕ್ಕ ಸ್ಟುಡಿಯೋಗೆ ಹೋಗಿರಲಿಲ್ಲ. ಆದರೆ ಊಟದ ಮೇಜಿನ ಆ ಮಾತಿಗೆ ಸಾಕ್ಷಿ ಅವರೇ, ಸುಳ್ಳು ಹುಟ್ಟಿದ್ದನ್ನು ಕಣ್ಣಾರೆ ಕಂಡವರು. ಗಂಡ ಹೇಳಿದ್ದು ಸುಳ್ಳು ಎಂದು ಅವರೊಬ್ಬರು ದಾಖಲೆಗೆ ಹೇಳಿದ್ದರೆ ಸಾಕಾಗುತ್ತಿತ್ತು. ೨೦೧೬ರ ಜುಲೈಯಲ್ಲಿ, ಅಡಿಗೆಮನೆಯ ಮೇಜಿನ ಮೇಲೆ ಧ್ವನಿಮುದ್ರಕ ಇಟ್ಟು ಸಂದರ್ಶಕಿ ನೇರವಾಗಿ ಕೇಳಿದರು. ಅಕ್ಕ ಬಟ್ಟೆ ಮಡಚುತ್ತಿದ್ದರು. ಒಂದು ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

“ತಂತಿ ತಂದುಕೊಟ್ಟಿದ್ದು ನಾನೇ. ಅದನ್ನ ಬರ್ಕೊಳ್ಳಿ.”

“ನುಡಿಸಿದವರು?”

“ನಾನು ಅಲ್ಲಿಗೆ ಹೋಗಿರಲಿಲ್ಲ.”

“ಪತ್ರಿಕೆಯ ಆ ಸಂದರ್ಶನಕ್ಕೆ ಮುಂಚೆ ನಿಮ್ಮ ಯಜಮಾನರು ಮನೆಯಲ್ಲಿ ಏನು ಹೇಳಿದ್ರು, ಅದು ನೆನಪಿದೆಯಾ?”

ಅಕ್ಕ ಗೋಡೆಯ ಮೇಲಿದ್ದ ಗಂಡನ ಚಿತ್ರದ ಕಡೆ ನೋಡಲಿಲ್ಲ, ನೋಡದಿರಲು ಕಷ್ಟಪಟ್ಟದ್ದು ಮಾತ್ರ ಕಾಣುತ್ತಿತ್ತು. “ಅವರು ಪೇಪರ್‌ನೋರಿಗೆ ಏನು ಹೇಳಿದ್ರೋ ಅದು ಅಚ್ಚಾಗಿದೆ. ಸತ್ತೋರ ಬಾಯಿಂದ ಮಾತು ವಾಪಸ್ ತೆಗೆಯೋಕೆ ನನ್ನಿಂದ ಆಗಲ್ಲ. ಬದುಕಿದ್ದಾಗ ಅವರೇ ತೆಗೀಲಿಲ್ಲ. ಈ ವಯಸ್ಸಲ್ಲಿ ನಾನು ಅವರನ್ನ ಸುಳ್ಳುಗಾರ ಅಂತ ಮಾಡಲಾ? ನುಡಿಸಿದ್ದನ್ನ ನಾನು ನೋಡಿಲ್ಲ. ನೋಡಿಲ್ಲ ಅಂದಮೇಲೆ ಮುಗೀತು.”

ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿದ್ದುದು ಆಗ ಅವರಿಬ್ಬರ ಗಮನಕ್ಕೂ ಬಂತು. ಸ್ವಲ್ಪ ಹೊತ್ತಿನ ಮೇಲೆ ಅದು ಮತ್ತೆ ಶುರುವಾಯಿತು.

ಗುಮ್ಮ ಅಕ್ಕನ ಮೇಲೆ ಸಿಡುಕಲಿಲ್ಲ. “ಅವಳು ಸುಳ್ಳೇನೂ ಹೇಳಿಲ್ಲವಲ್ಲ. ನೋಡಿಲ್ಲ, ನಿಜ,” ಎಂದಷ್ಟೇ ಅಂದ. ಅಂದಿನಿಂದ ಅಕ್ಕ ಅವನ ತಟ್ಟೆಗೆ ಎರಡೆರಡು ಸಲ ಬಡಿಸುತ್ತಿದ್ದರು. ಅವನು ಬೇಡವೆನ್ನದೆ ಉಣ್ಣುತ್ತಿದ್ದ.

ಕೊನೆಯ ಭೇಟಿ ಸೆಪ್ಟೆಂಬರಿನಲ್ಲಿ. ಗುಮ್ಮ ಪೇಟೆಗೆ ಹೋಗಿ ತಾನೇ ಹೊಸ ತಂತಿ ತಂದಿದ್ದ. ಯಾರ ಸಾಕ್ಷಿಯೂ ಬೇಡ, ನುಡಿಸಿಯೇ ತೋರಿಸುತ್ತೇನೆ, ಮುದ್ರಿಸಿಕೊಳ್ಳಿ ಎಂದ. ರೆಕ್ಸಿನ್ ಚೀಲದಿಂದ ಬಾಸು ಹೊರಬಂತು. ನಾಲ್ಕೂ ತಂತಿ ಬಿಗಿದು, ಶ್ರುತಿ ಕೂಡಿಸಿ, ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಆ ಕಿಟಕಿಗೆ ಅಕ್ಕ ಬಿಗಿದಿದ್ದ ಹಳೆಯ ದಪ್ಪ ತಂತಿ ಹಾಗೆಯೇ ಇತ್ತು, ತುಕ್ಕು ಹಿಡಿದು ಸರಳಿಗೇ ಅಂಟಿಕೊಂಡಿತ್ತು.

ಒಂದು ಎಂದು ತುಟಿಯಲ್ಲೇ ಎಣಿಸಿ ಹೆಬ್ಬೆರಳಿನಿಂದ ಬಡಿದ. ಕಿಣ್ ಎಂದಿತು, ಅದೇ ಸದ್ದು. ಎರಡನೆಯದು ಬರಲಿಲ್ಲ. ಸ್ಪರ್ಶವಿಲ್ಲದ ಬೆರಳಿಗೆ ತಂತಿ ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಒಮ್ಮೆ ಮರಕ್ಕೆ ಬಡಿಯಿತು, ಒಮ್ಮೆ ಗಾಳಿಗೆ. ಎಡಗೈ ಅಡ್ಡ ಬರುವ ಹೊತ್ತಿಗೆ ಸ್ವರ ದಾಟಿ ಹೋಗಿರುತ್ತಿತ್ತು. ಮತ್ತೆ ಮೊದಲಿಂದ ಎಣಿಸಿದ. ಮತ್ತೆ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಕೊನೆಗೆ ಅವನು ತಂತಿಗಳ ಮೇಲೆ ಅಂಗೈ ಮುಚ್ಚಿ ಇಟ್ಟ. ಅವು ಸುಮ್ಮನಾದವು.

“ನಿಲ್ಲಿಸಿ ಅದನ್ನ,” ಎಂದ. ಧ್ವನಿಮುದ್ರಕವನ್ನು ನಿಲ್ಲಿಸಲಾಯಿತು. ಅದು ನಿಂತ ಮೇಲೆ ಆಡಿದ ಮಾತನ್ನು ದಾಖಲಿಸಿಕೊಳ್ಳಲು ಆಮೇಲೆ ಅವನೇ ಒಪ್ಪಿದ: “ಆವತ್ತು ಆ ಪೇಪರ್‌ನೋನು ಬರೆದಿದ್ದು ಸರಿಯೇ ಇತ್ತೇನೋ. ಅಲ್ಲಿದ್ದವನು ನಾನಲ್ಲ. ಆ ಮೂರು ದಿನ ಯಾರೋ ಬಂದು ಹೋದ. ನನಗೂ ಅವನ ಪರಿಚಯ ಇಲ್ಲ.”

ಹೊಸ ತಂತಿಗಳನ್ನು ಬಿಚ್ಚದೆ ಬಾಸನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬೀರುವಿನ ಹಿಂದಕ್ಕೆ ನೂಕಿದ. ಮೆತ್ತೆಯೊಂದು ಅರ್ಧಕ್ಕೆ ನಿಂತಿತ್ತು. ಅದನ್ನು ಮೊಣಕಾಲಿನ ನಡುವೆ ಇರುಕಿಕೊಂಡ.

‘ನಿಲ್ಲಲು ಜಾಗವಿದೆ’ ಆಲ್ಬಮಿನ ಎರಡನೆಯ ಆವೃತ್ತಿ ೨೦೧೬ರ ನವೆಂಬರ್ ೧೮ರ ಶುಕ್ರವಾರ ಬಿಡುಗಡೆಯಾಯಿತು. ಹೊದಿಕೆಯ ಹಿಂಬದಿಯಲ್ಲಿ ಈ ಸಲ ಎಲ್ಲ ಕಲಾವಿದರ ಹೆಸರೂ ಇವೆ. ಬಾಸ್ ಗಿಟಾರಿನ ಮುಂದೆ, ‘ಯಾರೆಂದು ತಿಳಿದುಬಂದಿಲ್ಲ’ ಎಂದಿದೆ.